ಯಾನಿ ಹಬ್ಬದ ಹಾಲಿನ ಲೆಕ್ಕ

ಉತ್ತರ ಗೋಳಾರ್ಧದಲ್ಲಿ ವರ್ಷದ ಅತಿ ದೀರ್ಘ ಹಗಲಿನ ದಿನವಾದ ಜೂನ್ 21 ಹತ್ತಿರ ಬಂತೆಂದರೆ ಜಾಲತಾಣಗಳಲ್ಲಿ ‘ಪೇಗನ್ (ಕ್ರೈಸ್ತ ಮತಕ್ಕೂ ಹಿಂದಿನ) ಹಬ್ಬದ ಊಟ’ದ ಚಿತ್ರಗಳು ಸಾಲುಗಟ್ಟುತ್ತವೆ. ಅಂಜೂರ, ಜೇನು, ಮೇಣದ ಬತ್ತಿ, ಹೂಗಳ ನಡುವೆ ಒಂದು ಕೇಕು. ನೋಡಲು ಚೆಂದವೇ. ಆದರೆ ಋತುಮಾನದ ಅಡುಗೆ ಎಂದ ಮೇಲೆ ಯಾವ ಊರಿನ ಋತು ಎಂದು ಕೇಳುವುದು ತಪ್ಪೇ?

ನನಗೆ ಹಿಡಿಸುವುದು ಉತ್ತರ ಯುರೋಪಿನ ಪುಟ್ಟ ದೇಶ ಲಾಟ್ವಿಯಾದವರ ರೀತಿ. ನಡುಬೇಸಿಗೆಯ ಈ ಹಬ್ಬ ಅವರಿಗೆ ಎರಡು ದಿನದ್ದು: ಜೂನ್ 23 ಲೀಗೊ, 24 ಯಾನಿ. ಎರಡು ದಿನವೂ ಸರ್ಕಾರಿ ರಜೆ. ಚರ್ಚು ಬಂದು ಈ ಹಬ್ಬವನ್ನು ಸಂತ ಯೋಹಾನನ ಲೆಕ್ಕಕ್ಕೆ ಬರೆದುಕೊಂಡಿತು. 1960ರ ಆಸುಪಾಸಿನಲ್ಲಿ ಸೋವಿಯತ್ ಆಡಳಿತ ಅದನ್ನು ಅದುಮಲು ನೋಡಿತು. ಇಬ್ಬರಿಗೂ ಜಗ್ಗದೆ ಗಂಡಸರ ತಲೆಯ ಮೇಲಿನ ಓಕ್ ಎಲೆಯ ದಂಡೆ, ಹೆಂಗಸರ ಹೂದಂಡೆ, ಬೆಳಗಿನವರೆಗೆ ಉರಿಯುವ ಬೆಂಕಿ ಉಳಿದುಕೊಂಡವು. ಚೀಸೂ ಉಳಿಯಿತು.

ಈ ಚೀಸಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ಪನೀರಿಗೆ ನಾವು ನಿಂಬೆಹುಳಿ ಹಿಂಡಿ ಹಾಲು ಒಡೆಸುತ್ತೇವೆ. ಅಲ್ಲಿ ಕಾದ ಹಾಲಿಗೆ ಮೊದಲೇ ಹುಳಿಯಾಗಿ ಒಡೆದು ಸೋಸಿಟ್ಟ ಹಾಲಿನ ಗಟ್ಟಿಯನ್ನು ಸುರಿಯುತ್ತಾರೆ. ನೀರು ಬಸಿದ ಮೇಲೆ ಬೆಣ್ಣೆ, ಮೊಟ್ಟೆ, ಉಪ್ಪು ಮತ್ತು ಜೀರಿಗೆಯ ಬಂಧುವಾದ ಕ್ಯಾರವೇ ಬೀಜ ಸೇರಿಸಿ, ಸಣ್ಣ ಉರಿಯಲ್ಲಿ ಮಿದ್ದು, ಬಿಸಿಯಿರುವಾಗಲೇ ಬಟ್ಟೆಯಲ್ಲಿ ಬಿಗಿದು ಭಾರ ಹೇರುತ್ತಾರೆ. ಬಿಚ್ಚಿದಾಗ ದುಂಡಗೆ, ಹಳದಿಯಾಗಿ, ಬಟ್ಟೆಯ ನೆರಿಗೆ ಅಚ್ಚೊತ್ತಿ ಕೂತಿರುತ್ತದೆ. ಅದು ಸೂರ್ಯನ ರೂಪ ಎನ್ನುತ್ತಾರೆ. ಇರಬಹುದು, ಬಟ್ಟೆಯಲ್ಲಿ ಗಂಟು ಕಟ್ಟಿದ ಯಾವುದು ತಾನೇ ದುಂಡಗಿರುವುದಿಲ್ಲ!

ನನ್ನ ಮಟ್ಟಿಗೆ ಇದರ ಮೂಲ ಕೊಟ್ಟಿಗೆಯಲ್ಲಿದೆ. ಚಳಿಗಾಲವಿಡೀ ಒಣಹುಲ್ಲು ತಿಂದ ಹಸುಗಳು ಜೂನ್‌ನಲ್ಲಿ ಹಸಿರು ಮೇದು ಕೊಡ ತುಂಬ ಹಾಲು ಕರೆಯುತ್ತವೆ. ಹೊಸ ಧಾನ್ಯ ಕೊಯ್ಲಿಗೆ ಬರಲು ಇನ್ನೂ ವಾರಗಳಿವೆ. ಕಣಜ ತಳ ಕಾಣುವ ಹೊತ್ತಿನಲ್ಲಿ ಧಾರಾಳವಾಗಿ ಹಂಚಬಹುದಾದದ್ದು ಹಾಲೊಂದೇ. ಆದ್ದರಿಂದ ನೆಂಟರು ಹುಲ್ಲುಗಾವಲಿನ ಹೂ, ಸೊಪ್ಪು ತರುತ್ತಾರೆ. ಮನೆಯೊಡತಿ ಚೀಸ್ ಕೊಡುತ್ತಾಳೆ, ಯಜಮಾನ ತಾನು ಇಳಿಸಿದ ಬಾರ್ಲಿ ಬಿಯರ್ ಹೊಯ್ಯುತ್ತಾನೆ. ಕೈ ಬಿಗಿಹಿಡಿದರೋ, ಹಾಡು ಕಟ್ಟಿ ಮುಖದ ಮೇಲೆಯೇ ಮಾನ ಕಳೆಯುತ್ತಾರೆ. ನಮ್ಮ ಬೀಗರ ಹಾಡು ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದನ್ನು ಬೆಂಗಳೂರಿನ ತಾರಸಿಯಲ್ಲಿ ಆಚರಿಸಬೇಕೇ? ಲಾಟ್ವಿಯಾದ ರಾಜಧಾನಿ ರೀಗಾದಲ್ಲಿ ಡಿಸೆಂಬರಿನ ಹಗಲು ಏಳು ಗಂಟೆಯನ್ನೂ ಮುಟ್ಟುವುದಿಲ್ಲ, ಜೂನ್‌ನಲ್ಲಿ ಹೆಚ್ಚು ಕಡಿಮೆ 18 ಗಂಟೆ. ಬೆಂಗಳೂರಿನಲ್ಲಿ ಈ ವ್ಯತ್ಯಾಸ ಒಂದೂವರೆ ಗಂಟೆಯ ಮಾತು. ಸೂರ್ಯ ಮರಳಿ ಬಂದನೆಂದು ಬೆಂಕಿ ಹಾಕಿ ಕುಣಿಯುವ ಕಾರಣ ನಮಗಿಲ್ಲ. ಜೂನ್‌ನಲ್ಲಿ ನಾವು ಮುಗಿಲು ನೋಡುವುದು ಮಳೆಗಾಗಿ. ಉತ್ತರ ಕರ್ನಾಟಕದಲ್ಲಿ ಕಾರಹುಣ್ಣಿಮೆಗೆ ಎತ್ತುಗಳ ಕೊಂಬಿಗೆ ಬಣ್ಣ ಹಚ್ಚಿ ಕರಿ ಹರಿಯುವುದೂ ಆ ಕಾಲದಲ್ಲೇ.

ಚೀಸ್ ಮಾತ್ರ ಮಾಡಿ ನೋಡಿ. ಕ್ಯಾರವೇ ಸಿಗದಿದ್ದರೆ ಜೀರಿಗೆ ಹಾಕಿ, ಲಾಟ್ವಿಯಾದವರಿಗೆ ಹೇಳಬೇಡಿ.