ಪೆನ್‌ಡ್ರೈವ್ ತನ್ನಿ ಸಾರ್

ಕಳೆದ ದೀಪಾವಳಿಗೆ ಊರಿಗೆ ಬಂದಾಗ ಶಿವಮೊಗ್ಗದ ಗಾಂಧಿ ಬಜಾರಿನ ಒಂದು ಅಂಗಡಿಗೆ ಹೋಗಿದ್ದೆ. ಕಾಲೇಜಿನ ದಿನಗಳಲ್ಲಿ ನಾನು ಕ್ಯಾಸೆಟ್ ಕೊಳ್ಳುತ್ತಿದ್ದದ್ದು ಅಲ್ಲೇ. ಟೋಕಿಯೋದಲ್ಲಿ ನನ್ನ ಜೊತೆ ಕೆಲಸ ಮಾಡುವ ಹಿರಿಯರೊಬ್ಬರಿಗೆ ಹಾಡು ಕೇಳುವ ಹುಚ್ಚು. ನಿಮ್ಮ ಊರಿನ ದನಿ ಏನಾದರೂ ತನ್ನಿ ಎಂದಿದ್ದರು. ನಮ್ಮ ಊರಿನ ದನಿ ಅಂದರೆ ಇನ್ಯಾರದು? ಶಿವಮೊಗ್ಗ ಸುಬ್ಬಣ್ಣನವರದು. ಸಿನಿಮಾ ಹಾಡಿಗೆ ಗಾಯಕರ ರಾಷ್ಟ್ರಪ್ರಶಸ್ತಿ ಪಡೆದ ಮೊದಲ ಕನ್ನಡಿಗರು. ಊರಿನ ಹೆಸರನ್ನೇ ತಮ್ಮ ಹೆಸರಾಗಿ ಮಾಡಿಕೊಂಡವರು. ಅವರದೊಂದು ಒಳ್ಳೆಯ ಸಿಡಿ ಕೊಡಿ ಅಂದೆ.

ಅಂಗಡಿಯ ಗೋಡೆ ತುಂಬ ಮೊಬೈಲ್ ಕವರು, ಚಾರ್ಜರು. ಮಾಲೀಕರು ಪಾಪ, ನಗುತ್ತಲೇ ಹೇಳಿದರು. "ಸಿಡಿನಾ? ಈಗ ಯಾರ್ ಸಾರ್ ಸಿಡಿ ಕೇಳ್ತಾರೆ? ಪೆನ್‌ಡ್ರೈವ್ ತನ್ನಿ ಸಾರ್. ಎರಡು ಸಾವಿರ ಹಾಡು ತುಂಬಿಸಿ ಕೊಡ್ತೀನಿ. ಭಾವಗೀತೆ, ಭಕ್ತಿಗೀತೆ, ಅಣ್ಣಾವ್ರು ಎಲ್ಲ ಬರುತ್ತೆ."

ಅವರು ಪ್ರೀತಿಯಿಂದಲೇ ಹೇಳಿದ್ದು. ಆದರೂ ಆ ಮಾತು ನನಗೆ ಮುಳ್ಳಿನ ಹಾಗೆ ಚುಚ್ಚಿಕೊಂಡಿತು. ನಾನು ಕೇಳಿದ್ದು ಒಬ್ಬರ ದನಿ. ಸಿಕ್ಕಿದ್ದು ಎರಡು ಸಾವಿರದ ಲೆಕ್ಕ. ಬರಿಗೈಲಿ ಹೊರಗೆ ಬಂದೆ.

ಎರಡು ವಾರ ಬಿಟ್ಟು ಟೋಕಿಯೋಗೆ ಮರಳಿದೆ. ಒಂದು ಶನಿವಾರ ಅದೇ ಹಿರಿಯರು ನನ್ನನ್ನು ಒಚನೊಮಿಜುಗೆ ಕರೆದುಕೊಂಡು ಹೋದರು. ಅಲ್ಲಿ ಡಿಸ್ಕ್ ಯೂನಿಯನ್ ಎಂಬ ಅಂಗಡಿಯ ಶಾಖೆಗಳಿವೆ. ಹಳೆಯ ರೆಕಾರ್ಡು, ಸಿಡಿಗಳನ್ನು ಕೊಂಡು ಮಾರುವವರು. ಕಪಾಟಿನ ಒಂದು ಸಾಲು ಪೂರ್ತಿ ಎಸ್‌ಎಸಿಡಿ, ಅಂದರೆ ಸೂಪರ್ ಆಡಿಯೋ ಸಿಡಿ. ಒಂದನ್ನು ಕೈಗೆ ತೆಗೆದುಕೊಂಡೆ. ನಾನು ಹುಟ್ಟುವುದಕ್ಕೂ ಮೊದಲು ಟೇಪಿಗೆ ರೆಕಾರ್ಡ್ ಮಾಡಿದ ಒಂದು ಪಿಯಾನೋ ಕಛೇರಿ. ಡಬ್ಬಿಯ ಬೆನ್ನಿಗೆ ಕಾಗದದ ಒಂದು ಪಟ್ಟಿ ಸುತ್ತಿರುತ್ತಾರೆ, ಓಬಿ ಅಂತಾರೆ ಅದಕ್ಕೆ. ಆ ಪಟ್ಟಿಯೂ ಹರಿಯದೆ ಉಳಿದಿತ್ತು. ಹಿರಿಯರು ಒಳಗಿನ ಹಾಳೆಯನ್ನು ಓದಿ ಹೇಳಿದರು: ಮೂಲ ಟೇಪು ಯಾವುದು, ಅದನ್ನು ಯಾವ ವರ್ಷ ಯಾರು ಡಿಜಿಟಲ್ ಮಾಡಿದರು, ಯಾವ ಯಂತ್ರದಲ್ಲಿ ಓಡಿಸಿದರು. ಎಲ್ಲ ಬರೆದಿತ್ತು. ನಾನು ಹಾಡಿಗಿಂತ ಜಾಸ್ತಿ ಹೊತ್ತು ಆ ಹಾಳೆಯನ್ನೇ ನೋಡುತ್ತ ನಿಂತೆ.

ಈ ತಟ್ಟೆಯ ಬಗ್ಗೆ ಸ್ವಲ್ಪ ಹೇಳಬೇಕು. ಮಾಮೂಲಿ ಸಿಡಿ 1982ರಲ್ಲಿ ಬಂತು. ಅದು ಸದ್ದನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿ ಅಳತೆಯನ್ನೂ 16 ಬಿಟ್‌ನಲ್ಲಿ, ಅಂದರೆ ಹದಿನಾರು ಸೊನ್ನೆ-ಒಂದುಗಳಲ್ಲಿ, ಬರೆದಿಡುತ್ತದೆ. ಎಸ್‌ಎಸಿಡಿಯನ್ನು 1999ರಲ್ಲಿ ಸೋನಿ, ಫಿಲಿಪ್ಸ್ ಸೇರಿ ತಂದವು. ಅದರ ಲೆಕ್ಕವೇ ಬೇರೆ. ಒಂದೇ ಒಂದು ಬಿಟ್, ಆದರೆ ಸೆಕೆಂಡಿಗೆ 28 ಲಕ್ಷ ಸಲ. ಅದರಲ್ಲಿ ಹೈಬ್ರಿಡ್ ಅಂತ ಒಂದು ಬಗೆ ಇದೆ. ಒಂದೇ ತಟ್ಟೆಯಲ್ಲಿ ಎರಡು ಪದರ. ಹಳೆಯ ಸಿಡಿ ಪ್ಲೇಯರಿಗೆ ಹಾಕಿದರೆ ಅದರ ಕಿರಣ ಮೊದಲ ಪದರವನ್ನು ದಾಟಿ ಹೋಗಿ ಮಾಮೂಲಿ ಸಿಡಿ ಪದರವನ್ನು ಓದುತ್ತದೆ. ಎಸ್‌ಎಸಿಡಿ ಪ್ಲೇಯರು ಹತ್ತಿರದ ದಟ್ಟ ಪದರವನ್ನು ಓದುತ್ತದೆ. ಇದರ ಜೊತೆಗೆ 2000ದ ಹೊತ್ತಿಗೆ ಡಿವಿಡಿ ಆಡಿಯೋ ಕೂಡ ಬಂದಿತ್ತು. ಅದು ಬೇಗ ಮೂಲೆ ಸೇರಿತು. ಎಸ್‌ಎಸಿಡಿಯೂ ಜನರ ಮನೆ ಮನೆಗೆ ಹೋಗಲಿಲ್ಲ. ಕಂಪ್ಯೂಟರಿನ ಡ್ರೈವಿನಲ್ಲಿ ಅದು ಓದಿಸಿಕೊಳ್ಳುವುದೂ ಇಲ್ಲ. ಆದರೆ ಜಪಾನಿನಲ್ಲಿ ಅದು ಇನ್ನೂ ಉಸಿರಾಡುತ್ತಿದೆ. ರೆಕಾರ್ಡು, ಸಿಡಿ ಮಾರುತ್ತಿದ್ದ ಅಮೆರಿಕದ ಟವರ್ ರೆಕಾರ್ಡ್ಸ್ 2006ರಲ್ಲಿ ದಿವಾಳಿ ಎದ್ದು ಮುಚ್ಚಿತು. ಅದೇ ಹೆಸರಿನ ಜಪಾನಿನ ಕಂಪನಿ ಇವತ್ತಿಗೂ ಹಳೆಯ ಟೇಪುಗಳನ್ನು ಹುಡುಕಿ ತೆಗೆದು ತನ್ನದೇ ಎಸ್‌ಎಸಿಡಿ ಮಾಡಿಸಿ ಮಾರುತ್ತಿದೆ.

ಅವತ್ತು ಸಂಜೆ ಹಿರಿಯರ ಮನೆಯಲ್ಲಿ ಆ ಪಿಯಾನೋ ಕೇಳಿದೆವು. ನಮ್ಮ ಅಡಿಗೆಮನೆಯಷ್ಟು ಸಣ್ಣ ಕೋಣೆ. ಕೊನೆಯ ಸ್ವರ ಬಾರಿಸಿ ಪಿಯಾನೋ ಸುಮ್ಮನಾದ ಮೇಲೂ ಆ ಕಛೇರಿಯ ಸಭಾಂಗಣದ ಗಾಳಿ ಒಂದಿಷ್ಟು ಹೊತ್ತು ಕೇಳಿಸುತ್ತಿತ್ತು. ಆಮೇಲೆ ಅವರು ಅದೇ ತಟ್ಟೆಯ ಸಿಡಿ ಪದರವನ್ನು ಹಾಕಿದರು. ನಿಜ ಹೇಳಬೇಕೆಂದರೆ ನನಗೆ ವ್ಯತ್ಯಾಸ ಗೊತ್ತಾಗಲಿಲ್ಲ. ಅವರು ಸುಮ್ಮನೆ ತಲೆದೂಗಿದರು. ಗೊತ್ತಾಗದೆ ಇರುವುದು ಸಹಜ ಅಂದರು. 2007ರಲ್ಲಿ ಬಾಸ್ಟನ್ನಿನ ಮೇಯರ್ ಮತ್ತು ಮೋರನ್ ಎಂಬಿಬ್ಬರು ಇದನ್ನೇ ಪರೀಕ್ಷೆ ಮಾಡಿ ಪ್ರಕಟಿಸಿದ್ದಾರೆ. ಎಸ್‌ಎಸಿಡಿ ಸದ್ದನ್ನು ನೇರವಾಗಿಯೂ, ಸಿಡಿ ಮಟ್ಟಕ್ಕೆ ಇಳಿಸಿಯೂ ಕೇಳಿಸಿ, ಯಾವುದು ಯಾವುದು ಎಂದು ಕೇಳಿದರು. 554 ಸಲ. ಸರಿಯಾಗಿ ಗುರುತಿಸಿದ್ದು ಅರ್ಧದಷ್ಟು ಸಲ. ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತದೆ. ಆದರೆ ಅದೇ ಲೇಖನದಲ್ಲಿ ಅವರು ಇನ್ನೊಂದು ಮಾತನ್ನೂ ಬರೆದಿದ್ದಾರೆ. ಈ ತಟ್ಟೆಗಳು ಒಟ್ಟಾರೆ ಮಾಮೂಲಿ ಸಿಡಿಗಳಿಗಿಂತ ಚೆನ್ನಾಗಿ ಕೇಳಿಸುತ್ತವೆ. ಬಿಟ್‌ಗಳಿಂದಲ್ಲ, ಮಾಡುವವರು ಅಷ್ಟು ಮುತುವರ್ಜಿಯಿಂದ ಮಾಡಿರುತ್ತಾರೆ ಅನ್ನುವ ಕಾರಣಕ್ಕೆ.

ನನ್ನ ಹೊಟ್ಟೆಯುರಿ ಇರುವುದು ಇಲ್ಲೇ. ನಮಗೆ ಎಸ್‌ಎಸಿಡಿ ಬೇಕಿಲ್ಲ. ಶಿವಮೊಗ್ಗದಲ್ಲಿ ಅದನ್ನು ಮಾರಿ ಅಂತ ನಾನು ಕೇಳುತ್ತಿಲ್ಲ. ಆದರೆ ಆ ಮುತುವರ್ಜಿ ನಮ್ಮಲ್ಲಿ ಎಲ್ಲಿದೆ? ಸ್ಟುಡಿಯೋದಲ್ಲಿ ಟೇಪು ಸೆಕೆಂಡಿಗೆ 38 ಸೆಂಟಿಮೀಟರ್ ಓಡುತ್ತದೆ. ಕ್ಯಾಸೆಟ್ಟಿನಲ್ಲಿ ಓಡುವುದು ಐದು ಸೆಂಟಿಮೀಟರೂ ಇಲ್ಲ. ನಾವೆಲ್ಲ ಕೇಳಿ ಬೆಳೆದ ಭಾವಗೀತೆ ಆ ಐದು ಸೆಂಟಿಮೀಟರಿನದು. ಆ ಕ್ಯಾಸೆಟ್ಟನ್ನೇ ಯಾರೋ ಕಂಪ್ಯೂಟರಿಗೆ ಇಳಿಸಿದರು. ಅದನ್ನು ಹಿಂಡಿ ಎಂಪಿ3 ಮಾಡಿದರು. ಅದರ ನಕಲಿನ ನಕಲು ಈಗ ಪೆನ್‌ಡ್ರೈವಿನಲ್ಲಿ ಕೂತಿದೆ. ತಂಬೂರಿಯ ಝೇಂಕಾರ ತಗಡು ಬಡಿದ ಹಾಗೆ ಕೇಳುತ್ತದೆ. ಮೂಲ ಟೇಪು ಎಲ್ಲಿದೆ ಎಂದು ನಾನು ಕೇಳಿದವರೆಲ್ಲ ಭುಜ ಹಾರಿಸಿದರು. ಸುಬ್ಬಣ್ಣನವರು 2022ರಲ್ಲಿ ಹೋದರು. ಇನ್ನೊಮ್ಮೆ ಹಾಡಿಸೋಣ ಅಂದರೆ ಆಗುತ್ತದಾ?

ಮಳೆ, ಶೀತ ಅಂತ ನೆಪ ಹೇಳುವವರಿದ್ದಾರೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ, ನಿಜ. ಮಲೆನಾಡಿನಲ್ಲಿ ಚಪ್ಪಲಿಗೂ ಬೂಸ್ಟು ಬರುತ್ತದೆ, ಟೇಪಿಗೆ ಬಾರದಿರುತ್ತದಾ? ಆದರೆ ಟೋಕಿಯೋದಲ್ಲೂ ಜೂನ್ ತಿಂಗಳು ಪೂರ್ತಿ ಜಿಟಿಜಿಟಿ. ಗೋಡೆ ಬೆವರುತ್ತದೆ. ಅಲ್ಲೂ ಟೇಪಿಗೆ ಬೂಸ್ಟು ಹಿಡಿಯುತ್ತದೆ. ವ್ಯತ್ಯಾಸ ಅಂದರೆ, ಅಲ್ಲಿ ಆ ಬೂಸ್ಟನ್ನು ತೆಗೆಯುವುದನ್ನೇ ಕಸುಬು ಮಾಡಿಕೊಂಡವರಿದ್ದಾರೆ.

ಇದು ನನಗೆ ಗೊತ್ತಾದದ್ದು ನಮ್ಮ ಮನೆಯ ಒಂದು ಕ್ಯಾಸೆಟ್ಟಿನಿಂದ. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ 1988ರ ಮಳೆಗಾಲದಲ್ಲಿ ಒಂದು ತಾಳಮದ್ದಲೆ ಆಗಿತ್ತು. ಅಪ್ಪ ಟೂ-ಇನ್-ಒನ್ ಇಟ್ಟು ರೆಕಾರ್ಡ್ ಮಾಡಿದ್ದರು. ನನ್ನ ದೊಡ್ಡಪ್ಪನ ಭಾಗವತಿಕೆ. ಅವರು ತೀರಿಕೊಂಡು ಇಪ್ಪತ್ತು ವರ್ಷದ ಮೇಲಾಯಿತು. ಬೇರೆ ಎಲ್ಲೂ ಅವರ ದನಿ ಇಲ್ಲ. ಅಮ್ಮ ಆ ಕ್ಯಾಸೆಟ್ಟನ್ನು ಬಿಸ್ಕತ್ತಿನ ಡಬ್ಬಿಗೆ ಹಾಕಿ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟಿದ್ದಳು, ಹೊಗೆ ತಾಗಿದರೆ ಹಾಳಾಗುವುದಿಲ್ಲ ಎಂದು. ಗ್ಯಾಸ್ ಬಂದ ಮೇಲೆ ಹೊಗೆ ನಿಂತಿತು. ಟೇಪಿನ ಸುರುಳಿಯ ಮೇಲೆ ಬಿಳಿ ಹಿಟ್ಟು ಉದುರಿದ ಹಾಗೆ ಬೂಸ್ಟು ಕೂತಿತ್ತು.

ದೀಪಾವಳಿಗೆ ಬಂದಾಗ ಅದನ್ನು ಜೇಬಿನಲ್ಲಿಟ್ಟುಕೊಂಡು ಟೋಕಿಯೋಗೆ ಹೋಗಿದ್ದೆ. ಹಿರಿಯರು ಹೇಳಿದ ಒಂದು ಸಣ್ಣ ಅಂಗಡಿಗೆ ಕೊಟ್ಟೆ. ಅಲ್ಲಿದ್ದವರು ಐದು ಸ್ಕ್ರೂ ಬಿಚ್ಚಿ, ಸುರುಳಿಯನ್ನು ಹೊರಗೆ ತೆಗೆದು, ಬೆಳಕಿಗೆ ಹಿಡಿದು ನೋಡಿದರು. ಮೃದುವಾದ ಬಟ್ಟೆಯ ನಡುವೆ ಟೇಪನ್ನು ನಿಧಾನ ಎಳೆದು ಒರೆಸಿದರು. ಹೊಸ ಕವಚಕ್ಕೆ ಹಾಕಿದರು. ಆಮೇಲೆ 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 96,000 ಸಲ ಅಳೆದು, ಕಂಪ್ಯೂಟರಿಗೆ ಇಳಿಸಿದರು. ಹಿಂದೆ ಒಂದು ಸದ್ದಿದೆ, ತೆಗೆಯಲಾ ಎಂದು ಕೇಳಿದರು. ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಹಂಚಿನ ಮೇಲೆ ಮಳೆ. ಮದ್ದಲೆಯ ಹಿಂದೆ, ದೊಡ್ಡಪ್ಪನ ಪದದ ಹಿಂದೆ, ಒಂದೇ ಸಮ ಹುಯ್ಯುತ್ತಿತ್ತು. ನಡುವೆ ಯಾರೋ ಅಡಕತ್ತರಿಯಲ್ಲಿ ಅಡಿಕೆ ಕತ್ತರಿಸುವ ಕಟ್ ಕಟ್. ಅಜ್ಜನೇ ಇರಬೇಕು, ಅವರು ಹಾಗೆ ಎರಡೆರಡು ಸಲ ಒತ್ತುತ್ತಿದ್ದರು. ಬೇಡ, ಹಾಗೇ ಇರಲಿ ಅಂದೆ. ಅವರಿಗೆ ಕನ್ನಡ ಬಾರದು. ಆದರೂ ಪೂರ್ತಿ ತೊಂಬತ್ತು ನಿಮಿಷ ಕೂತು ಕೇಳಿ, ಎಲ್ಲೂ ತುಂಡಾಗಿಲ್ಲ ಎಂದು ಖಾತ್ರಿ ಮಾಡಿಕೊಂಡೇ ಕೊಟ್ಟರು.

ಇಂಥ ಒಬ್ಬ ಮನುಷ್ಯ ನಮ್ಮ ದುರ್ಗಿಗುಡಿಯಲ್ಲೋ ಸಾಗರದ ಪೇಟೆಯಲ್ಲೋ ಇದ್ದಿದ್ದರೆ ಎಷ್ಟು ಮನೆಯ ಅಟ್ಟಗಳು ಮಾತಾಡುತ್ತಿದ್ದವು!

ಇಷ್ಟು ಬರೆದ ಮೇಲೆ ಒಂದೆರಡು ಮಾತು ಒಪ್ಪಿಕೊಳ್ಳಲೇಬೇಕು. ಜಪಾನಿನಲ್ಲಿ ಒಂದು ಹೊಸ ಎಸ್‌ಎಸಿಡಿಗೆ ಮೂರು ನಾಲ್ಕು ಸಾವಿರ ಯೆನ್ ಕೊಡಬೇಕು. ಆ ದುಡ್ಡು ಕೊಡುವವರು ಇರುವುದರಿಂದಲೇ ಆ ಟೇಪುಗಳು ಹೊರಗೆ ಬರುತ್ತಿವೆ. ಗಾಂಧಿ ಬಜಾರಿನ ಆ ಅಂಗಡಿಯಲ್ಲಿ ನಾನು ಕೊನೆಯ ಸಲ ಸಿಡಿ ಕೊಂಡದ್ದು 2009ರಲ್ಲಿ. ನನ್ನಂಥವರು ಕೊಳ್ಳುವುದನ್ನು ನಿಲ್ಲಿಸಿದ ಮೇಲೆ ಅವರು ಮೊಬೈಲ್ ಕವರು ಮಾರದೆ ಏನು ಮಾಡಬೇಕಿತ್ತು?

ಇನ್ನೊಂದು. ಆ ಹಿರಿಯರು ಅಷ್ಟು ಚೆನ್ನಾಗಿ ಕೇಳುತ್ತಾರೆ, ಆದರೆ ಒಬ್ಬರೇ ಕೇಳುತ್ತಾರೆ. ಕೋಣೆಯ ಬಾಗಿಲು ಹಾಕಿಕೊಂಡು. ನಮ್ಮಲ್ಲಿ ಶಿವಮೊಗ್ಗದ ಹತ್ತಿರದ ಹೊಸಹಳ್ಳಿಯಲ್ಲಿ ಇವತ್ತಿಗೂ ಗಮಕ ವಾಚನಕ್ಕೆ ಜನ ಕೂರುತ್ತಾರೆ. ಹತ್ತು ಅಡಿ ದೂರದಿಂದ, ಮೈಕಿಲ್ಲದೆ ಕೇಳುವ ಆ ದನಿಗೆ ಯಾವ ಬಿಟ್ಟೂ ಬೇಡ. ನಮ್ಮ ಅಂಗಳದಲ್ಲಿ ಮಳೆಗಾಲದ ತಾಳಮದ್ದಲೆ ಇನ್ನೂ ಆಗುತ್ತದೆ. ಎದುರಿಗೇ ದನಿ ಇರುವಾಗ ಅದನ್ನು ಕೂಡಿಡಬೇಕು ಅಂತ ಯಾರಿಗೂ ಹೊಳೆಯದಿದ್ದರೆ, ಅದನ್ನು ಪೂರ್ತಿ ತಪ್ಪು ಅನ್ನಲು ನನಗೆ ಬಾಯಿ ಬರುವುದಿಲ್ಲ.

ದೊಡ್ಡಪ್ಪನ ಆ ಟೇಪನ್ನು ಅಪ್ಪನಿಗೆ ಕಳಿಸಬೇಕಿತ್ತು. ಮನೆಯಲ್ಲಿ ಸಿಡಿ ಪ್ಲೇಯರು ಕೆಟ್ಟು ಎಷ್ಟೋ ಕಾಲವಾಗಿದೆ. ಕೊನೆಗೆ ಪೆನ್‌ಡ್ರೈವಿಗೇ ಹಾಕಿ, ಊರಿಗೆ ಹೊರಟಿದ್ದ ಗೆಳೆಯನ ಕೈಯಲ್ಲಿ ಕೊಟ್ಟೆ. ಜೂನ್ ಕೊನೆಯ ವಾರ ಅಪ್ಪ ಫೋನ್ ಮಾಡಿದರು. ಹಿಂದೆ ದೊಡ್ಡಪ್ಪ ಹಾಡುತ್ತಿದ್ದರು. ಅಪ್ಪ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ ಕೇಳಿದರು, "ಹೌದನಾ, ಈ ಮಳೆ ಈಗ ಹೊಯ್ತಾ ಇರೋದಾ, ಟೇಪಿಂದಾ?"