ಸಾವು ಕೇಳುವ ರೋಗಿ: ನರ್ಸ್‌ಗಳಿಗೆ ತರಬೇತಿ ಬೇಕೇ?

ಪರ: ಸ್ಟಾಫ್ ನರ್ಸ್, ವಿಜಯಪುರ

ರಾತ್ರಿ ಎರಡು ಗಂಟೆ. ಇಂಡಿ ಕಡೆಯ ಅಜ್ಜ, ಕ್ಯಾನ್ಸರ್ ಎಲುಬಿಗೆ ಇಳಿದಿತ್ತು. ಡ್ರಿಪ್ ನೋಡಲು ಹೋದಾಗ ನನ್ನ ಕೈ ಹಿಡಿದುಕೊಂಡರು. "ಸಾಕಾಗೇತಿ ತಂಗೀ. ಒಂದು ಸೂಜಿ ಮಾಡಿ ಕಳಿಸಿಬಿಡವಾ."

"ಹಂಗ ಅನಬಾರದು ಅಜ್ಜಾರ, ಮಲಕೋರಿ" ಅಂದು ಬಂದುಬಿಟ್ಟೆ. ಅವರು ಗೋಡೆ ಕಡೆ ಹೊರಳಿದರು. ತೀರಿಕೊಳ್ಳುವವರೆಗೂ ನನ್ನ ಜೊತೆ ಮತ್ತೆ ಮಾತಾಡಲಿಲ್ಲ. ನೋವು ಜಾಸ್ತಿಯಾಗಿತ್ತಾ? ಮಗನ ಸಾಲದ ಚಿಂತೆಯಾ? ನಾನು ಕೇಳಲೇ ಇಲ್ಲ. ಹೇಗೆ ಕೇಳಬೇಕು ಅಂತ ಯಾರೂ ಕಲಿಸಿರಲಿಲ್ಲ.

ಡಾಕ್ಟರ್ ರೌಂಡ್ಸ್‌ಗೆ ಬಂದಾಗ ರೋಗಿಗಳು ಇದನ್ನು ಹೇಳಲ್ಲ. ರಾತ್ರಿ ಪಾಳಿಯ ನರ್ಸ್‌ಗೇ ಹೇಳೋದು. ಸೂಜಿ ಚುಚ್ಚಿ ಸಾಯಿಸೋದು ನಮ್ಮಲ್ಲಿ ಅಪರಾಧ, ಅದನ್ನು ಕಲಿಸಿ ಅಂತ ನಾನು ಕೇಳುತ್ತಿಲ್ಲ. ಆದರೆ ಗುಣವಾಗುವ ಆಸೆ ಇಲ್ಲದಾಗ ಯಂತ್ರ ಹಾಕಿ ಜೀವ ಎಳೆಯಬೇಡಿ ಅಂತ ಮೊದಲೇ ಬರೆದಿಡುವ ಪತ್ರವನ್ನು, ಅಂದರೆ ಲಿವಿಂಗ್ ವಿಲ್ ಅನ್ನು, 2018ರಲ್ಲೇ ಸುಪ್ರೀಂ ಕೋರ್ಟ್ ಒಪ್ಪಿದೆ. 2025ರ ಜನವರಿಯಲ್ಲಿ ನಮ್ಮ ರಾಜ್ಯ ಸರ್ಕಾರವೂ ಅದನ್ನು ಜಾರಿಗೆ ತರಲು ಆದೇಶ ಹೊರಡಿಸಿದೆ. ಎರಡು ವೈದ್ಯಕೀಯ ಮಂಡಳಿ ಒಪ್ಪಿದರೆ ವೆಂಟಿಲೇಟರ್ ತೆಗೆಯಬಹುದು. ತೆಗೆದ ಮೇಲೆ ಗಂಟಲು ಗೊರಗೊರ ಅನ್ನುವಾಗ ಪಕ್ಕಕ್ಕೆ ಹೊರಳಿಸುವವರು ಯಾರು? ಒದ್ದೆ ಹತ್ತಿಯಿಂದ ತುಟಿ ಒರೆಸುವವರು ಯಾರು? "ಸಿಸ್ಟರ್, ನಾವೇ ಕೊಂದಂಗಾತೇನ್ರಿ?" ಅಂತ ಬಾಗಿಲಲ್ಲಿ ನಿಂತು ಅಳುವ ಮಗಳಿಗೆ ಏನು ಹೇಳಬೇಕು? ಇದೆಲ್ಲ ಓದುವಾಗಲೇ ಕಲಿಯಬೇಕು. ರೋಗಿಯ ಮೇಲೆ ಕಲಿಯೋದಲ್ಲ.

ವಿರೋಧ: ನರ್ಸಿಂಗ್ ಶಿಕ್ಷಕಿ, ಬಾಗಲಕೋಟೆ

ವಿರೋಧದ ಕಡೆಯಿಂದ ಬರೆಯಿರಿ ಅಂದಿದ್ದಾರೆ. ಮಾತಾಡಿಸುವುದನ್ನು ಕಲಿಸಬೇಕು ಅನ್ನೋದು ನನಗೂ ಒಪ್ಪಿಗೆಯೇ. ಆದರೆ ಒಂದು ಭಯವಿದೆ. ಹದಿನೆಂಟರ ಹುಡುಗಿಯರಿಗೆ ಸಾವಿನದೇ ಬೇರೆ ಪಾಠ ಇಟ್ಟರೆ, ಸಾವು ಕೇಳಿದವರಿಗೆ ಫಾರ್ಮ್ ತಂದುಕೊಡೋದೇ ತಮ್ಮ ಕೆಲಸ ಅಂದುಕೊಳ್ಳುತ್ತಾರೆ.

ಅರುಣಾ ಶಾನಭಾಗ ಉತ್ತರ ಕನ್ನಡದ ಹಳದೀಪುರದವರು, ಸ್ವತಃ ನರ್ಸ್. 1973ರಲ್ಲಿ ತಾವು ಕೆಲಸ ಮಾಡುತ್ತಿದ್ದ ಆಸ್ಪತ್ರೆಯಲ್ಲೇ ಹಲ್ಲೆಗೆ ಒಳಗಾಗಿ, ಮೆದುಳಿಗೆ ಪೆಟ್ಟಾಗಿ ಹಾಸಿಗೆ ಹಿಡಿದರು. 2015ರಲ್ಲಿ ತೀರಿಕೊಳ್ಳುವವರೆಗೆ ಸುಮಾರು 42 ವರ್ಷ ಮುಂಬೈನ ಕೆಇಎಂ ಆಸ್ಪತ್ರೆಯ ನರ್ಸ್‌ಗಳೇ ಅವರನ್ನು ನೋಡಿಕೊಂಡರು. ದಯಾಮರಣದ ಅರ್ಜಿ ಬಂದಾಗ ಬೇಡವೇ ಬೇಡ ಅಂದರು. 2011ರಲ್ಲಿ ಸುಪ್ರೀಂ ಕೋರ್ಟ್ ಆ ಅರ್ಜಿಯನ್ನು ತಳ್ಳಿಹಾಕಿತು. ಆ ನರ್ಸ್‌ಗಳಿಗೆ ಯಾರು ಸಾವಿನ ಪಾಠ ಹೇಳಿದ್ದರು? ಅವರಿಗೆ ಗೊತ್ತಿದ್ದದ್ದು ಆರೈಕೆ. ಅದನ್ನೇ ಇನ್ನಷ್ಟು ಚೆನ್ನಾಗಿ ಕಲಿಸೋಣ.

ಮೊದಲು ತೀವ್ರ ನೋವು ಇಳಿಸುವ ಮಾರ್ಫಿನ್ ಸಿಗಲಿ. 2014ರಲ್ಲೇ ಕಾನೂನು ಸಡಿಲಾಗಿದೆ, ತಾಲೂಕು ಆಸ್ಪತ್ರೆವರೆಗೂ ಅದು ಬರಲಿ. ಆಮೇಲೆ ಕೈಗಳು ಸಿಗಲಿ. ಒಬ್ಬಳ ಮೇಲೆ ಇಡೀ ವಾರ್ಡ್ ಹಾಕಿ, ರೋಗಿಯ ಪಕ್ಕ ಕೂತು ಕೇಳಿಸಿಕೋ ಅಂದರೆ ಆಕೆ ಯಾವಾಗ ಕೂರಬೇಕು?