ಒಂದು ಲಕ್ಷ ಅಂದ್ರೆ ಒಂದು ರೂಪಾಯಿ

ದಾವಣಗೆರೆ ಎಪಿಎಂಸಿಯಲ್ಲಿ ನಮ್ಮ ಭಾವನದು ಮೆಕ್ಕೆಜೋಳದ ದಲ್ಲಾಳಿ ಅಂಗಡಿ. ದಿನದ ಮೊತ್ತ ಕೂಡಿಸಲು ಯಾರೋ ಇಂಜಿನಿಯರಿಂಗ್ ಹುಡುಗ 'ಆಕ್' ಎಂಬ ಪುಟ್ಟ ಪ್ರೋಗ್ರಾಮಿಂಗ್ ಭಾಷೆ ಬಳಸಿ ಒಂದೇ ಸಾಲಿನ ಪ್ರೋಗ್ರಾಂ ಬರೆದುಕೊಟ್ಟು ಬೆಂಗಳೂರು ಬಸ್ ಹತ್ತಿದ್ದ. ಗುಮಾಸ್ತರು ಫೈಲಿನಲ್ಲಿ ಲೆಕ್ಕ ಟೈಪ್ ಮಾಡಿ ಕಮಾಂಡ್ ಹೊಡೆದರೆ ಸಾಕು, ಮೊತ್ತ ಬರುತ್ತದೆ, ರೈತರಿಗೆ ಕೊಡುವ ಲೆಕ್ಕದ ಪಟ್ಟಿ ಪ್ರಿಂಟ್ ಆಗುತ್ತದೆ.

ಗುಮಾಸ್ತರದು ಅಚ್ಚುಕಟ್ಟಿನ ಕೈ. ಅದೇ ತೊಂದರೆ. 1,12,500 ಅಂತ ಕಾಮಾ ಹಾಕಿಯೇ ಬರೆಯುತ್ತಾರೆ. ಆಕ್ ಮೊದಲ ಅಂಕಿ ಓದಿ, ಕಾಮಾ ಕಂಡ ಕೂಡಲೇ ನಿಲ್ಲುತ್ತದೆ. ಅದರ ಪಾಲಿಗೆ ಲಕ್ಷದ ಹನ್ನೆರಡೂವರೆ ಸಾವಿರ ಅಂದ್ರೆ ಒಂದು ರೂಪಾಯಿ! ಅಂಕಿಯೇ ಇಲ್ಲದಿದ್ದರೆ ಸೊನ್ನೆ. ಬೈಯಲ್ಲ, ಕೇಳಲ್ಲ. ನವೆಂಬರಿನಲ್ಲಿ ಕನ್ನಡಾಭಿಮಾನ ಉಕ್ಕಿ ಗುಮಾಸ್ತರು ೧೨೫೦೦ ಅಂತ ಹೊಡೆದರು. ಅದೂ ಸೊನ್ನೆಯೇ. (ಪೈಥಾನ್ ಭಾಷೆ ಆಗಿದ್ದರೆ ಕನ್ನಡ ಅಂಕಿಯನ್ನು ಸಲೀಸಾಗಿ ಓದುತ್ತಿತ್ತು, ಕಾಮಾ ಕಂಡರೆ ಮಾತ್ರ ಕೂಗಾಡುತ್ತಿತ್ತು. ಒಬ್ಬೊಬ್ಬರದು ಒಂದೊಂದು ಮಡಿ.)

ಬೆಣ್ಣೆ ದೋಸೆ ಹೋಟೆಲಿನಲ್ಲಿ ಹಿಟ್ಟು ಮುಗಿದರೆ "ಇಲ್ಲ ಸಾರ್" ಅಂತಾರೆ. ತಟ್ಟೆಗೆ ಬರೀ ಬೆಣ್ಣೆ ಹಾಕಿ ಪೂರ್ತಿ ಬಿಲ್ ಕೊಡುವುದಿಲ್ಲ. ಆಕ್ ಮಾಡುತ್ತಿದ್ದದ್ದು ಅದನ್ನೇ.

ಭಾವ ನನ್ನನ್ನು ಕರೆಸಿದರು. ತಪ್ಪು ಸಾಲು ಬಂದರೆ ಎರರ್ ಕೊಟ್ಟು ನಿಲ್ಲಿಸೋಣ ಅಂದೆ. "ಏ, ಬೇಡಪ್ಪಾ! ರೈತ ಎದುರಿಗೆ ನಿಂತಿರ್ತಾನೆ. ಬರೀ ವಾರ್ನಿಂಗ್ ಕೊಡು, ಕೆಲಸ ನಡೀಲಿ." ಅಂಗಡಿ ಅವರದು, ಹಾಗೇ ಮಾಡಿಕೊಟ್ಟೆ. ವಾರ್ನಿಂಗ್ ಬರುತ್ತಿತ್ತು, ಆದರೆ ಪ್ರೋಗ್ರಾಂ ಮುಗಿಯುವಾಗ ಬಿಟ್ಟುಹೋಗುವ ಅಂಕಿ, ಅಂದ್ರೆ ಎಕ್ಸಿಟ್ ಕೋಡ್, ಸೊನ್ನೆ. ಕಮಾಂಡ್ ಲೈನಿನಲ್ಲಿ ಸೊನ್ನೆ ಅಂದ್ರೆ 'ಎಲ್ಲಾ ಸುಸೂತ್ರ'. ಅದನ್ನು ನಂಬಿ ಪಟ್ಟಿ ಆರಾಮಾಗಿ ಪ್ರಿಂಟ್ ಆಗುತ್ತಿತ್ತು.

ಒಂದು ದಿನ ಹೋಗಿ ನೋಡಿದರೆ ಪರದೆ ಮೇಲೆ ವಾರ್ನಿಂಗೇ ಇಲ್ಲ. ಕಾಮಾಗಳು ಮಾತ್ರ ಫೈಲಿನಲ್ಲಿ ಹಾಗೇ ಕೂತಿವೆ.

"ಏನ್ರೀ ಇದು?"

"ಅದಾ ಸಾರ್, ದಿನಾ ಏನೇನೋ ಸಾಲು ಬರ್ತಿತ್ತು, ಕಣ್ಣಿಗೆ ಕಿರಿಕಿರಿ. ಪಕ್ಕದಂಗಡಿ ಹುಡುಗ ತೆಗೆದುಕೊಟ್ಟ."

ಆ ಹುಡುಗ ಬುದ್ಧಿವಂತ. ದೂರುಗಳು ಬರುವ ದಾರಿಯೇ ಬೇರೆ, ಅದಕ್ಕೆ ಸ್ಟ್ಯಾಂಡರ್ಡ್ ಎರರ್ ಅಂತಾರೆ. ಅದನ್ನು ಸೀದಾ ಡೆವ್ ನಲ್‌ಗೆ ತಿರುಗಿಸಿಬಿಟ್ಟಿದ್ದ. ಅಲ್ಲಿಗೆ ಹೋದದ್ದು ವಾಪಸ್ ಬರುವುದಿಲ್ಲ.

ಕಾಲಂ ಅಗಲ ಹೆಚ್ಚುಕಮ್ಮಿಯಾದರೆ ವಾರ್ನಿಂಗ್ ಸಾಕು. ದುಡ್ಡಿನ ವಿಷಯದಲ್ಲಿ ಅದನ್ನು ಯಾರೂ ಓದುವುದಿಲ್ಲ. ಸಿ ಭಾಷೆಯವರಿಗೆ ಇದು ಗೊತ್ತು, ತಮ್ಮ ಕಂಪೈಲರ್ ಜಿಸಿಸಿಗೆ 'ಡಬ್ಲ್ಯೂ ಎರರ್' ಅಂತ ಹೇಳಿ ವಾರ್ನಿಂಗ್‌ಗಳನ್ನೆಲ್ಲಾ ಎರರ್ ಮಾಡಿಕೊಳ್ಳುತ್ತಾರೆ. ಈ ಸಲ ಭಾವನೂ ಒಪ್ಪಿದರು. ಈಗ ಪ್ರೋಗ್ರಾಂ ಮೊದಲು ಎಲ್ಲಾ ಸಾಲು ನೋಡುತ್ತದೆ, ತಪ್ಪುಗಳನ್ನೆಲ್ಲಾ ಒಟ್ಟಿಗೇ ಹೇಳುತ್ತದೆ, ಒಂದು ಪಟ್ಟಿಯನ್ನೂ ಪ್ರಿಂಟ್ ಮಾಡದೆ ಎಕ್ಸಿಟ್ ಕೋಡ್ 1 ಕೊಟ್ಟು ನಿಲ್ಲುತ್ತದೆ. ಒಂದೊಂದೇ ತಪ್ಪು ಹೇಳಿ ಹತ್ತು ಸಲ ಓಡಿಸಿದರೆ ಗುಮಾಸ್ತರು ಮತ್ತೆ ಆ ಹುಡುಗನನ್ನೇ ಕರೀತಾರೆ, ಅಲ್ವಾ?

ಮೊನ್ನೆ ಪರದೆ ಮೇಲೆ ಬಂತು: "14ನೇ ಸಾಲು: 'ನಾಳೆ ಕೊಡ್ತಾರಂತೆ' ಎಂಬುದು ಮೊತ್ತವಲ್ಲ."

ಭಾವ ಕನ್ನಡಕ ಏರಿಸಿಕೊಂಡು ಓದಿದರು. "ಇದನ್ನೊಂದು ಪ್ರಿಂಟ್ ತೆಗಿ. ಆ ವ್ಯಾಪಾರಿಗೆ ಕಳಿಸ್ತೀನಿ."